ಹಾಜರಿ ಪುಸ್ತಕವೂ ತೊಟ್ಟಿಲೂ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಆ ಮಾತನ್ನು ಆಡುವ ಹಿರಿಯರು ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದೂ ಉಂಟು. ಚೊಚ್ಚಲ ಬಸುರಿಗೆ ಸೀಮಂತ ಮಾಡಿ, ಮಡಿಲು ತುಂಬಿ, ತವರಿಗೆ ಕಳುಹಿಸುತ್ತಾರೆ. ತವರಿನಲ್ಲಿ ತಾಯಿಯಾದವಳು ಮಗಳಿಗೆ ಎಣ್ಣೆ ನೀರೆರೆದು, ತಲೆಗೆ ಸಾಂಬ್ರಾಣಿಯ ಹೊಗೆ ಹಿಡಿದು, ತಣ್ಣನೆಯ ಗಾಳಿ ಸೋಕದಂತೆ ಕಾಪಾಡುತ್ತ ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮಾಡುತ್ತಾಳೆ. ಇಷ್ಟು ದಿನ ಮಾಡಬೇಕೆಂದು ಯಾವ ಕಾಯಿದೆಯೂ ಹೇಳಿದ್ದಲ್ಲ. ಆದರೂ ಬಡವರ ಮನೆಯಲ್ಲಿ ಕೂಡ ಆ ದಿನಗಳಿಗೆ ಒಂದು ಮರ್ಯಾದೆಯಿದೆ.

ಆ ಮರ್ಯಾದೆ ಸಲ್ಲದ ಸ್ಥಳವೊಂದುಂಟು. ಅದು ಕಾಲೇಜಿನ ಹಾಜರಿ ಪುಸ್ತಕ. ಆ ಪುಸ್ತಕಕ್ಕೆ ಗೊತ್ತಿರುವುದು ಎರಡೇ ಗುರುತು: ಬಂದವಳು, ಬಾರದವಳು. ಹೆರಿಗೆಯ ನೋವಿನಲ್ಲಿ ಆಸ್ಪತ್ರೆಯಲ್ಲಿದ್ದವಳೂ, ಪಾಠ ತಪ್ಪಿಸಿ ಸಿನಿಮಾಕ್ಕೆ ಹೋದವಳೂ ಅದರ ಕಣ್ಣಿಗೆ ಒಂದೇ. ವರ್ಷದ ಕೊನೆಗೆ ಇಬ್ಬರ ಹೆಸರೂ ಪರೀಕ್ಷೆಗೆ ಅರ್ಹರಲ್ಲದವರ ಪಟ್ಟಿಯಲ್ಲಿ ಒಂದರ ಕೆಳಗೊಂದು ಕಾಣಿಸಿಕೊಳ್ಳುತ್ತವೆ.

ಭೀಮನಬೀಡಿನಿಂದ ಗುಂಡ್ಲುಪೇಟೆಗೆ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂತಹ ಊರುಗಳಲ್ಲಿ ಒಂದೇ ಮನೆಯ ಮೂರು ತಲೆಮಾರುಗಳನ್ನು ಒಟ್ಟಿಗೆ ನೋಡಿದರೆ ಕಾಲ ಎಷ್ಟು ಬೇಗ ನಡೆದಿದೆಯೆಂಬುದು ತಿಳಿಯುತ್ತದೆ. ಹೆಬ್ಬೆಟ್ಟು ಒತ್ತುವ ಅಜ್ಜಿ, ಪ್ರಾಥಮಿಕ ಶಾಲೆಯ ಆಚೆಗೆ ಹೋಗದ ತಾಯಿ, ಪದವಿಯ ತರಗತಿಯಲ್ಲಿ ಕುಳಿತ ಮಗಳು—ಇಂತಹ ಮನೆಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಅರಿಸಿನ, ಈರುಳ್ಳಿ, ಸೂರ್ಯಕಾಂತಿ, ಚೆಂಡು ಹೂವು ಬೆಳೆಯುವ, ಮಳೆಯನ್ನೇ ನೆಚ್ಚಿದ ನೆಲವಿದು. ಬೆಳೆ ಕೈಹಿಡಿದ ವರ್ಷ ಮಗಳ ಓದು ಮುಂದುವರಿಯುತ್ತದೆ. ಕೈಕೊಟ್ಟ ವರ್ಷ ಮದುವೆಯ ಮಾತು ಬೇಗ ಏಳುತ್ತದೆ.

ವಿದ್ಯೆಯೇನೋ ಈ ಊರುಗಳ ಹತ್ತಿರಕ್ಕೆ ಬಂದಿದೆ. ಗುಂಡ್ಲುಪೇಟೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ತಾನೇ ಜಿಲ್ಲೆಯಾದ ಚಾಮರಾಜನಗರಕ್ಕೆ 2023ರಲ್ಲಿ ತನ್ನದೇ ಹೆಸರಿನ ವಿಶ್ವವಿದ್ಯಾನಿಲಯವೂ ದೊರೆಯಿತು. ಅದೇ ವರ್ಷ ಜೂನ್ 11ರಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣಿಸುವ 'ಶಕ್ತಿ' ಯೋಜನೆ ಜಾರಿಗೆ ಬಂದಿತು. ದಿನವೂ ಬಸ್ಸಿನ ದುಡ್ಡಿಗಾಗಿ ತಂದೆಯ ಮುಖ ನೋಡುವ ಸಂಕಟ ಹಲವು ಹುಡುಗಿಯರಿಗೆ ತಪ್ಪಿತು.

ಆದರೆ ಮದುವೆಯ ವಯಸ್ಸೂ ವ್ಯಾಸಂಗದ ವಯಸ್ಸೂ ಒಂದೇ ಬಾಗಿಲಿನಲ್ಲಿ ಎದುರುಬದುರಾಗುತ್ತವೆ. ಹೆಣ್ಣಿಗೆ 18 ತುಂಬಿದರೆ ಕಾಯಿದೆಯ ಪ್ರಕಾರ ಮದುವೆ ಸಲ್ಲುತ್ತದೆ. ಪದವಿ ತರಗತಿಗೆ ಅವಳು ಸೇರುವುದೂ 18ರಲ್ಲೇ. ಹಳೆಯ ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹ ತಡೆಯುವ ಶಾಸನ ತಂದು, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಎಂಟರಿಂದ ಹದಿನೆಂಟಕ್ಕೆ ಬರಲು ಸಮಾಜಕ್ಕೆ ಸುಮಾರು ಒಂದು ಶತಮಾನವೇ ಬೇಕಾಯಿತು. ಇಷ್ಟಾದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರೆಂದು ಕಂಡುಬಂದಿತು. ಕಾಯಿದೆ ಪಾಲಿಸಿ ಹದಿನೆಂಟೋ ಹತ್ತೊಂಬತ್ತೋ ಆದ ಮೇಲೆ ಮದುವೆ ಮಾಡಿದವರನ್ನು ಯಾರೂ ತಪ್ಪಿತಸ್ಥರೆನ್ನುವಂತಿಲ್ಲ. 'ಓದು ಮುಗಿಸಲಿ, ನಮ್ಮದೇನೂ ಅಡ್ಡಿಯಿಲ್ಲ' ಎಂದು ಗಂಡಿನ ಕಡೆಯವರು ಚಪ್ಪರದ ಕೆಳಗೆ ಮಾತು ಕೊಡುತ್ತಾರೆ. ಹಲವರು ಆ ಮಾತನ್ನು ಉಳಿಸಿಕೊಳ್ಳುತ್ತಾರೆ ಕೂಡ. ಆದರೆ ಸೊಸೆ ಬಸುರಿಯಾದಾಗ ಅಡ್ಡಿ ಬರುವುದು ಅತ್ತೆಯಿಂದಲ್ಲ, ಕಾಲೇಜಿನ ನಿಯಮಾವಳಿಯಿಂದ.

ಹದಿನಾಲ್ಕು ದಿನಗಳ ಲೆಕ್ಕ

ಈ ಅಡ್ಡಿ ಎಷ್ಟು ದೊಡ್ಡದು ಎಂಬುದನ್ನು ಬೆರಳೆಣಿಸಿಯೇ ತಿಳಿಯಬಹುದು. ಒಂದು ಸೆಮಿಸ್ಟರಿನಲ್ಲಿ ಪಾಠ ನಡೆಯುವ ದಿನಗಳು ಸುಮಾರು 90. ಅದರಲ್ಲಿ ಶೇಕಡಾ 75 ದಿನ ಹಾಜರಿದ್ದರೆ ಮಾತ್ರ ಪರೀಕ್ಷೆಗೆ ಅವಕಾಶವೆಂಬುದು ಸಾಮಾನ್ಯವಾದ ನಿಯಮ. ಅಂದರೆ 68 ದಿನ ತರಗತಿಯಲ್ಲಿರಬೇಕು; ಹೆಚ್ಚೆಂದರೆ 22 ದಿನ ತಪ್ಪಿಸಿಕೊಳ್ಳಬಹುದು.

ಈಗ ಸೆಮಿಸ್ಟರಿನ ನಡುವೆ ಹೆರಿಗೆಯಾಯಿತೆಂದು ಭಾವಿಸಬಹುದು. ಹೆತ್ತ ಮೈ ಮೊದಲಿನಂತಾಗಲು ಕಡಿಮೆಯೆಂದರೂ ಆರು ವಾರ ಬೇಕೆಂದು ವೈದ್ಯರು ಹೇಳುತ್ತಾರೆ. ಆರು ವಾರಗಳಲ್ಲಿ ಭಾನುವಾರಗಳನ್ನು ಕಳೆದರೆ 36 ದಿನಗಳ ಪಾಠ. 90ರಲ್ಲಿ 36 ಹೋದರೆ ಉಳಿಯುವುದು 54. ಹೆರಿಗೆಯ ಹಿಂದಿನ ದಿನದವರೆಗೆ ಒಂದು ತರಗತಿಯನ್ನೂ ಬಿಡದೆ, ಆರು ವಾರ ಮುಗಿದ ಮರುದಿನವೇ ಹಿಂದಿರುಗಿದ ಹುಡುಗಿಯ ಹಾಜರಿ ಶೇಕಡಾ 60. ಬೇಕಾದ 68ಕ್ಕೆ ಅವಳಿಗಿರುವ ಕೊರತೆ 14 ದಿನ.

ಹದಿನಾಲ್ಕೇ ದಿನ! ಮೂರು ವರ್ಷದ ವ್ಯಾಸಂಗ, ತಂದೆ ತಾಯಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹಣ, ಊರಿನಲ್ಲಿ ಮೊದಲ ಪದವೀಧರೆಯಾಗಬೇಕೆಂಬ ಆಸೆ—ಇವೆಲ್ಲವೂ ಆ ಹದಿನಾಲ್ಕು ದಿನಗಳ ತಕ್ಕಡಿಯಲ್ಲಿ ತೂಗುತ್ತವೆ. ಒಂದು ಸೆಮಿಸ್ಟರು ಹೋದರೆ ಹೋಗಲಿ, ಮುಂದಿನ ವರ್ಷ ಬರೆದರಾಯಿತು ಎಂದು ಹೇಳುವುದು ಸುಲಭ. ಮುಂದಿನ ವರ್ಷ ಅವಳ ಜೊತೆಯವರು ಇರುವುದಿಲ್ಲ. ವಿದ್ಯಾರ್ಥಿವೇತನ ನಿಲ್ಲುವ ಭಯ, ವಿದ್ಯಾರ್ಥಿನಿಲಯದ ಸ್ಥಳ ಕೈಬಿಡುವ ಭಯ ಬೇರೆ. ಕಂಕುಳಲ್ಲಿ ಕೂಸು, ಮನೆಯಲ್ಲಿ ಕೆಲಸ, ಒಮ್ಮೆ ತಪ್ಪಿದ ಪರೀಕ್ಷೆ, ಇವುಗಳ ನಡುವೆ 'ಇನ್ನು ಸಾಕು' ಎಂಬ ಮಾತನ್ನು ಯಾರೂ ಹೇಳಬೇಕಾಗಿಲ್ಲ; ಅದು ತಾನಾಗಿಯೇ ಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ.

ವೃತ್ತಿಶಿಕ್ಷಣದಲ್ಲಿ ಹಾದಿ ಇನ್ನೂ ಇಕ್ಕಟ್ಟು. ಹಳ್ಳಿಯ ಹುಡುಗಿಯರು ಅಧ್ಯಾಪಕಿಯಾಗುವ ಆಸೆಯಿಂದ ಹೆಚ್ಚಾಗಿ ಸೇರುವ ಬಿ.ಎಡ್. ತರಗತಿಯಲ್ಲಿ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮದಂತೆ ಪಾಠಕ್ಕೆ ಶೇಕಡಾ 80, ಶಾಲೆಯಲ್ಲಿ ಮಾಡುವ ಬೋಧನಾಭ್ಯಾಸಕ್ಕೆ ಶೇಕಡಾ 90 ಹಾಜರಿ ಗೊತ್ತುಮಾಡಿದರು. ಆ ತರಗತಿಗೆ ಬರುವವರು ಪದವಿ ಮುಗಿಸಿದವರು, ಇಪ್ಪತ್ತೊಂದು ದಾಟಿದವರು, ಅವರಲ್ಲಿ ಹಲವರು ಮದುವೆಯಾದವರು ಎಂಬುದು ನಿಯಮ ಬರೆದವರಿಗೆ ತಿಳಿಯದ ಸಂಗತಿಯೇನಲ್ಲ.

ಕೂಲಿಗೆ ಉಂಟು, ಓದಿಗೆ ಇಲ್ಲ

ಬಸುರಿ ಬಾಣಂತಿಯರಿಗೆ ರಕ್ಷಣೆ ಕೊಡಬೇಕೆಂಬುದು ಹೊಸ ವಿಚಾರವಲ್ಲ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ ವರ್ಷವೇ ಹೆರಿಗೆಯ ರಕ್ಷಣೆಯ ಒಪ್ಪಂದವನ್ನು ಅಂಗೀಕರಿಸಿ ಹನ್ನೆರಡು ವಾರಗಳ ಬಿಡುವನ್ನು ಸೂಚಿಸಿತು. ಭಾರತದಲ್ಲಿ ಮುಂಬಯಿ ಪ್ರಾಂತವು 1929ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಮಾಡಿತು. 1961ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಬಂದಿತು. ಗರ್ಭಪಾತವಾದವಳಿಗೂ ಆರು ವಾರಗಳ ಬಿಡುವು ಅದರಲ್ಲಿತ್ತು. 2000ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರ ಮೊಕದ್ದಮೆಯಲ್ಲಿ, ಖಾಯಂ ನೌಕರಿಯಿಲ್ಲದೆ ದಿನಗೂಲಿಗೆ ದುಡಿಯುವವಳಿಗೂ ಈ ಸೌಲಭ್ಯ ಸಲ್ಲಬೇಕೆಂದು ತೀರ್ಪು ಕೊಟ್ಟಿತು. 2017ರಲ್ಲಿ ಹನ್ನೆರಡು ವಾರಗಳು ಇಪ್ಪತ್ತಾರು ವಾರಗಳಾದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಈ ಸೌಲಭ್ಯವನ್ನು ಸೇರಿಸಲಾಯಿತು.

ಹೀಗೆ ಬೇಲಿ ಸ್ವಲ್ಪ ಸ್ವಲ್ಪವಾಗಿ ಅಗಲವಾಗುತ್ತ ಬಂದಿದೆ. ಆದರೆ ವಿದ್ಯಾರ್ಥಿನಿ ಇನ್ನೂ ಅದರ ಹೊರಗೇ ನಿಂತಿದ್ದಾಳೆ. ಕಾರಣ ಸರಳ: ಈ ಕಾಯಿದೆಗಳೆಲ್ಲ ಕೂಲಿಗೆ ಅಥವಾ ಸಂಬಳಕ್ಕೆ ದುಡಿಯುವವಳನ್ನು ಕುರಿತು ಹುಟ್ಟಿದವು. ಓದುವವಳು ಯಾರ ನೌಕರಳೂ ಅಲ್ಲ. ಅವಳ ಶ್ರಮ ಶ್ರಮವೇ ಹೌದಾದರೂ ಅದಕ್ಕೆ ಸಂಬಳದ ಪುಸ್ತಕವಿಲ್ಲ.

ಇದರ ಫಲ ಒಂದೇ ಕಟ್ಟಡದೊಳಗೆ ಕಣ್ಣಿಗೆ ಕಟ್ಟುವಂತಿದೆ. ವೇದಿಕೆಯ ಮೇಲೆ ನಿಂತು ಪಾಠ ಹೇಳುವ ಸರ್ಕಾರಿ ಅಧ್ಯಾಪಕಿಗೆ 180 ದಿನಗಳ ಹೆರಿಗೆ ರಜೆಯುಂಟು, ಸಂಬಳವೂ ಉಂಟು. ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಮಾಡುವ ಹೆಂಗಸಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2016ರ ಹಾಗೂ 2022ರ ನಿಯಮಗಳು 240 ದಿನಗಳವರೆಗೆ ಬಿಡುವು ಕೊಡಬಹುದೆಂದು ಹೇಳಿವೆ. ಪ್ರಬಂಧ ಒಪ್ಪಿಸಲು ಎರಡು ವರ್ಷ ಹೆಚ್ಚಿನ ಅವಧಿಯೂ ಉಂಟು. ಎದುರಿನ ಬೆಂಚಿನಲ್ಲಿ ಕುಳಿತ ಬಿ.ಎ. ತರಗತಿಯ ಹುಡುಗಿಗೆ ಇಡೀ ದೇಶಕ್ಕೆ ಅನ್ವಯಿಸುವ ಲೆಕ್ಕದಲ್ಲಿ ಒಂದು ದಿನವೂ ಇಲ್ಲ. ಮೂವರ ಹೆರಿಗೆಯ ನೋವೂ ಒಂದೇ. ಮೂವರ ಕೂಸಿನ ಹಸಿವೂ ಒಂದೇ. ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಬಡವಳು, ಎಲ್ಲರಿಗಿಂತ ದುರ್ಬಲಳು ಯಾರೋ ಅವಳಿಗೇ ಎಲ್ಲರಿಗಿಂತ ಕಡಿಮೆ.

ಪ್ರಾಂಶುಪಾಲರು ದಯಾವಂತರಾಗಿದ್ದರೆ ಕೆಲಸ ನಡೆಯುತ್ತದೆ ಎನ್ನುವವರುಂಟು. ನಡೆಯುತ್ತದೆ ನಿಜ. ವೈದ್ಯರ ಪತ್ರ ನೋಡಿ ಒಂದಷ್ಟು ಹಾಜರಿಯ ಕೊರತೆಯನ್ನು ಮನ್ನಿಸುವ ಅಧಿಕಾರ ಹಲವೆಡೆ ಉಂಟು. ಎಷ್ಟೋ ಅಧ್ಯಾಪಕರು ಇಂತಹ ಹುಡುಗಿಯರಿಗೆ ತಂದೆತಾಯಿಗಳಂತೆ ನೆರವಾಗುತ್ತಾರೆ. ಆದರೆ ದಯೆಗೆ ವರ್ಗಾವಣೆಯೆಂಬುದೊಂದು ಇದೆ. ಈ ವರ್ಷ ಇದ್ದ ಪ್ರಾಂಶುಪಾಲರು ಮುಂದಿನ ವರ್ಷ ಬೇರೆ ಊರಿನಲ್ಲಿರುತ್ತಾರೆ. ಅಲ್ಲದೆ ದಯೆ ಬೇಡಲು ಬಾಯಿ ಬೇಕು. ಬಸುರಿಯಾದ ಸುದ್ದಿಯನ್ನು ಸ್ವಂತ ತಂದೆಗೆ ಹೇಳಲು ನಾಚುವ ಹತ್ತೊಂಬತ್ತರ ಹುಡುಗಿ, ಅರ್ಜಿ ಹಿಡಿದು ಕಛೇರಿಯ ಗುಮಾಸ್ತರ ಮುಂದೆ ನಿಂತು ಏನೆಂದು ವಿವರಿಸಬೇಕು? ಅಚ್ಚಾದ ನಿಯಮವಿದ್ದರೆ ಅವಳು ವಿವರಿಸಬೇಕಾಗಿಲ್ಲ. ನಮೂನೆಯನ್ನು ತುಂಬಿ ಕೊಟ್ಟರೆ ಸಾಕು.

ನ್ಯಾಯಾಲಯದ ಮೆಟ್ಟಿಲು

ನಿಯಮವಿಲ್ಲದಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯೂ ಉತ್ತರ ಒಂದೇ ಬಗೆಯಾಗಿ ಬಂದಿಲ್ಲ. 2016ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯದ ಬಿ.ಎಡ್. ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು, ಗರ್ಭಿಣಿಯೆಂಬ ಕಾರಣಕ್ಕೆ ಹಾಜರಿಯ ನಿಯಮವನ್ನು ಸಡಿಲಿಸಲಾಗದೆಂದಿತು. 2018ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದ ಕಾನೂನು ವಿದ್ಯಾರ್ಥಿನಿಯೂ ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಆಮೇಲೆ ಗಾಳಿ ತಿರುಗಿತು. 2021ರಲ್ಲಿ ಅಲಹಾಬಾದು ಹೈಕೋರ್ಟು, ಹೆರಿಗೆಯ ಕಾರಣದಿಂದ ಪರೀಕ್ಷೆ ತಪ್ಪಿದ ಇಂಜಿನಿಯರಿಂಗ್ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ, ತಾಯಿಯಾಗುವ ವಿದ್ಯಾರ್ಥಿನಿಯರಿಗಾಗಿ ನಿಯಮ ರಚಿಸುವಂತೆ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಆಜ್ಞೆ ಮಾಡಿತು. ಅದೇ ವರ್ಷ ಡಿಸೆಂಬರ್ 14ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೇಶದ ಎಲ್ಲ ಕುಲಪತಿಗಳಿಗೂ ಪತ್ರ ಬರೆದು, ಪದವಿ ಹಾಗೂ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಿಯ ವಿನಾಯಿತಿ, ಪರೀಕ್ಷೆಯ ಅರ್ಜಿ ಸಲ್ಲಿಸಲು ಹೆಚ್ಚಿನ ಅವಧಿ ಮುಂತಾದುವನ್ನು ಕೊಡಲು ತಕ್ಕ ನಿಯಮಗಳನ್ನು ಮಾಡಿಕೊಳ್ಳುವಂತೆ ಕೇಳಿತು. 2023ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು, ಮೀರತ್ತಿನ ವಿಶ್ವವಿದ್ಯಾನಿಲಯದ ಎಂ.ಎಡ್. ವಿದ್ಯಾರ್ಥಿನಿಯೊಬ್ಬಳಿಗೆ ರಜೆ ನಿರಾಕರಿಸಿದ ಆಜ್ಞೆಯನ್ನು ರದ್ದುಗೊಳಿಸಿ, 59 ದಿನಗಳ ಹೆರಿಗೆ ರಜೆಯ ಪ್ರಶ್ನೆಯನ್ನು ಮರಳಿ ಪರಿಶೀಲಿಸಬೇಕೆಂದಿತು. ಉಚ್ಚ ಶಿಕ್ಷಣವೋ ತಾಯ್ತನವೋ, ಎರಡರಲ್ಲೊಂದನ್ನು ಆರಿಸಿಕೋ ಎಂದು ಹೆಣ್ಣನ್ನು ಬಲವಂತಪಡಿಸಲಾಗದೆಂಬುದು ಆ ತೀರ್ಪಿನ ತಾತ್ಪರ್ಯ.

ಆಯೋಗದ ಪತ್ರ ಒಳ್ಳೆಯದೇ. ಆದರೆ ಪತ್ರ ಬೇರೆ, ನಿಯಮ ಬೇರೆ. ದಿನಗಳ ಸಂಖ್ಯೆಯನ್ನು ಆ ಪತ್ರ ಹೇಳಲಿಲ್ಲ. ಅದನ್ನು ಗೊತ್ತುಮಾಡುವ ಹೊಣೆಯನ್ನು ಒಂದೊಂದು ವಿಶ್ವವಿದ್ಯಾನಿಲಯಕ್ಕೂ ಬಿಟ್ಟಿತು. ಹೀಗಾಗಿ ವಿದ್ಯಾರ್ಥಿನಿಯ ಭಾಗ್ಯ ಅವಳು ಯಾವ ಊರಿನವಳು, ಯಾವ ವಿಶ್ವವಿದ್ಯಾನಿಲಯದ ಸರಹದ್ದಿನಲ್ಲಿದ್ದಾಳೆ ಎಂಬುದನ್ನು ಅವಲಂಬಿಸಿತು.

ಮೂಲೆಹೊಳೆಯ ಆಚೆ

ಗುಂಡ್ಲುಪೇಟೆಯವರಿಗೆ ಸರಹದ್ದಿನ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಬಂಡೀಪುರದ ಕಾಡಿನ ಹಾದಿಯಲ್ಲಿ ಮೂಲೆಹೊಳೆಯ ಗೇಟು ದಾಟಿದರೆ ವಯನಾಡು, ಅಂದರೆ ಕೇರಳ. ಆನೆಗಳಿಗೆ ಆ ಗೇಟಿನ ಲೆಕ್ಕವಿಲ್ಲ; ಮನುಷ್ಯರಿಗೆ ಉಂಟು.

ಆ ಕಡೆ 2022ರ ಡಿಸೆಂಬರಿನಲ್ಲಿ ಕೋಟ್ಟಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾನಿಲಯವು 18 ತುಂಬಿದ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ 60 ದಿನಗಳ ಹೆರಿಗೆ ರಜೆ ಕೊಡಲು ತೀರ್ಮಾನಿಸಿತು. ಆ ತೀರ್ಮಾನದ ಸೊಗಸಿರುವುದು ವಿವರಗಳಲ್ಲಿ. ರಜೆಯನ್ನು ಹೆರಿಗೆಯ ಮುಂಚೆ ಅಥವಾ ಆಮೇಲೆ ತೆಗೆದುಕೊಳ್ಳಬಹುದು. ಗರ್ಭ ಇಳಿದುಹೋದವಳಿಗೂ 14 ದಿನಗಳ ಬಿಡುವುಂಟು. ರಜೆ ಪಡೆದವಳು ತನ್ನ ಜೊತೆಯವರೊಂದಿಗೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಬಿಟ್ಟ ಸೆಮಿಸ್ಟರಿನ ಪರೀಕ್ಷೆಯನ್ನು ಹಿಂದಿನಿಂದ ಬರುವ ತಂಡದೊಂದಿಗೆ ಬರೆದು ಮುಗಿಸಬಹುದು. ವರ್ಷವೂ ಉಳಿಯಿತು, ಗೆಳತಿಯರೂ ಉಳಿದರು. 2023ರ ಜನವರಿಯಲ್ಲಿ ಕೇರಳ ಸರ್ಕಾರವು ಉಚ್ಚ ಶಿಕ್ಷಣ ಇಲಾಖೆಗೆ ಸೇರಿದ ಎಲ್ಲ ವಿಶ್ವವಿದ್ಯಾನಿಲಯಗಳಿಗೂ 60 ದಿನಗಳವರೆಗಿನ ಹೆರಿಗೆ ರಜೆಯ ಆಜ್ಞೆ ಹೊರಡಿಸಿತು. ಏಳೇ ವರ್ಷದ ಹಿಂದೆ ಬಿ.ಎಡ್. ಹುಡುಗಿ ನ್ಯಾಯಾಲಯದಲ್ಲಿ ಸೋತಿದ್ದ ರಾಜ್ಯವದು ಎಂಬುದನ್ನು ನೆನೆದರೆ, ನಿಯಮವೆಂಬುದು ಕಲ್ಲಿನಲ್ಲಿ ಕೆತ್ತಿದ್ದಲ್ಲ, ಮನಸ್ಸು ಮಾಡಿದರೆ ತಿದ್ದಬಹುದಾದುದು ಎಂಬ ಧೈರ್ಯ ಬರುತ್ತದೆ.

ದೂರದ ದೇಶಗಳಲ್ಲಿಯೂ ಇದೇ ಕಥೆ. ಅಮೆರಿಕದಲ್ಲಿ ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾಯಿದೆ 1972ರಲ್ಲಿ ಬಂದಿತು. 1975ರಲ್ಲಿ ಅದರ ಕೆಳಗೆ ರಚಿಸಿದ ನಿಯಮಗಳು, ಗರ್ಭಿಣಿ ವಿದ್ಯಾರ್ಥಿನಿಗೆ ವೈದ್ಯರು ಅಗತ್ಯವೆಂದಷ್ಟು ಕಾಲ ಬಿಡುವು ಕೊಡಬೇಕು, ಹಿಂದಿರುಗಿದಾಗ ಅವಳು ಬಿಟ್ಟುಹೋದ ಸ್ಥಾನವನ್ನೇ ಕೊಡಬೇಕು ಎಂದು ವಿಧಿಸಿದವು. ಆಫ್ರಿಕದ ಟಾಂಜಾನಿಯದಲ್ಲಿ ಬಸುರಿಯಾದ ಹುಡುಗಿ ಶಾಲೆಗೆ ಮರಳಬಾರದೆಂಬ ನಿಷೇಧವೇ ಇತ್ತು. 2021ರಲ್ಲಿ ಆ ದೇಶ ಅದನ್ನು ತೆಗೆದುಹಾಕಿತು.

ಆಕ್ಷೇಪಗಳು

ಇಂತಹ ನಿಯಮ ಬೇಡವೆನ್ನುವವರ ಮಾತನ್ನೂ ಕೇಳಬೇಕು. ಓದುವ ವಯಸ್ಸಿನಲ್ಲಿ ಮದುವೆ ಮಾಡುವವರಿಗೆ ಇದರಿಂದ ಉತ್ತೇಜನ ಕೊಟ್ಟಂತಾಗುವುದಿಲ್ಲವೆ ಎಂಬುದು ಮೊದಲನೆಯದು. ಓದು ಮುಗಿಯುವವರೆಗೆ ಮದುವೆ ಬೇಡ, ಮದುವೆಯಾದರೂ ಕೂಸು ಸ್ವಲ್ಪ ತಡವಾಗಿ ಬರಲಿ ಎಂಬ ಹಿತವಚನ ಸರಿಯಾದುದೇ. ಅದನ್ನು ಹೇಳುತ್ತಲೇ ಇರಬೇಕು. ಆದರೆ ಮದುವೆಯನ್ನು ನಿಶ್ಚಯಿಸುವವರು ಹೆಚ್ಚಾಗಿ ಹಿರಿಯರು. ಪರೀಕ್ಷೆ ಕಳೆದುಕೊಳ್ಳುವವಳು ಹುಡುಗಿ. ಮಾಡಿದವರು ಒಬ್ಬರು, ದಂಡ ತೆರುವವರು ಮತ್ತೊಬ್ಬರು ಎಂಬುದು ನ್ಯಾಯವಲ್ಲ. ನಿಯಮವಿಲ್ಲವೆಂಬ ಕಾರಣಕ್ಕೆ ಯಾವ ಮದುವೆಯೂ ನಿಂತ ಹಾಗಿಲ್ಲ. ಓದು ಮಾತ್ರ ನಿಲ್ಲುತ್ತದೆ.

ಪಾಠ ಕೇಳದೆ ಪದವಿ ಕೊಟ್ಟರೆ ವಿದ್ಯೆಯ ಮಟ್ಟ ಇಳಿಯುವುದಿಲ್ಲವೆ ಎಂಬುದು ಎರಡನೆಯದು. ಇದು ತೂಕವುಳ್ಳ ಮಾತು. ಪ್ರಯೋಗಾಲಯದ ಕೆಲಸ, ದಾದಿಯರ ತರಬೇತಿ, ಬಿ.ಎಡ್. ತರಗತಿಯ ಬೋಧನಾಭ್ಯಾಸ ಇವನ್ನು ಬರಿಯ ಪುಸ್ತಕದಿಂದ ಕಲಿಯಲಾಗದು. ಆದ್ದರಿಂದಲೇ ಬೇಕಾಗಿರುವುದು ಮಾಫಿಯಲ್ಲ, ಕಾಲಾವಕಾಶ. ತಪ್ಪಿದ ಪ್ರಯೋಗಗಳನ್ನು ರಜೆಯ ತಿಂಗಳಲ್ಲಿಯೋ ಮುಂದಿನ ತಂಡದೊಂದಿಗೋ ಮಾಡಿ ಮುಗಿಸಲಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಇರಲಿ. ತಾಯಿಯೆಂದು ಒಂದು ಅಂಕವನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ.

ಮೂರನೆಯದು, ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವಾಗ ಇವರು ಅಲ್ಲಿಗೆ ಸೇರಬಾರದೇಕೆ ಎಂಬುದು. ಮನೆಯಲ್ಲಿದ್ದೇ ಓದಬಯಸುವವರಿಗೆ ಆ ಸಂಸ್ಥೆ ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ತಾನು ಆರಿಸಿಕೊಂಡು ಹೋಗುವುದು ಬೇರೆ, ದೂಡಿದ್ದರಿಂದ ಹೋಗುವುದು ಬೇರೆ. ಎರಡು ವರ್ಷ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷದ ಹದಿನಾಲ್ಕು ದಿನಗಳಿಗಾಗಿ ಒಬ್ಬಳು ಎಲ್ಲವನ್ನೂ ಬಿಟ್ಟು ಹೊಸದಾಗಿ ಆರಂಭಿಸಬೇಕೆನ್ನುವುದು ಸಲಹೆಯಲ್ಲ, ಶಿಕ್ಷೆ.

ಇನ್ನೊಂದು ಸೂಕ್ಷ್ಮವಾದ ವಿಷಯವಿದೆ. ಗಂಡ ಬಿಟ್ಟವಳು, ಮೋಸಹೋದವಳು, ಮದುವೆಯೇ ಆಗದವಳು ಬಸುರಿಯಾದರೆ ಏನು? 1961ರ ಕಾಯಿದೆ 'ಹೆಂಡತಿ' ಎನ್ನಲಿಲ್ಲ, 'ಹೆಂಗಸು' ಎಂದಿತು. ಅದು ವೈದ್ಯರ ಪತ್ರವನ್ನು ನೋಡಿತೇ ಹೊರತು ಮದುವೆಯ ಪತ್ರಿಕೆಯನ್ನಲ್ಲ. ಕಾಲೇಜಿನ ನಿಯಮಕ್ಕೂ ಅದೇ ಮಾದರಿಯಾಗಬೇಕು. ಕಷ್ಟದಲ್ಲಿರುವವಳನ್ನು ಇನ್ನೊಂದು ವಿಚಾರಣೆಗೆ ನಿಲ್ಲಿಸುವುದು ವಿದ್ಯಾಸಂಸ್ಥೆಯ ಕೆಲಸವಲ್ಲ.

ರಜೆಯೊಂದೇ ಸಾಲದು

ಹಾಜರಿಯ ಗಂಟು ಬಿಚ್ಚಿದರೂ ಗರ್ಭಿಣಿ ವಿದ್ಯಾರ್ಥಿನಿಯ ದಿನಚರಿಯಲ್ಲಿ ಬೇರೆ ಗಂಟುಗಳಿವೆ. ಮೊದಲನೆಯದು ಊಟ. ಕರ್ನಾಟಕದಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯಿಂದ ಬಳಲುವರೆಂದು ಹಿಂದೆ ಹೇಳಿದ ಸಮೀಕ್ಷೆಯೇ ತಿಳಿಸಿದೆ. ಇದನ್ನು ತಡೆಯಲು 2017ರ ಅಕ್ಟೋಬರ್ 2ರಂದು 'ಮಾತೃಪೂರ್ಣ' ಯೋಜನೆ ಆರಂಭವಾಯಿತು: ತಿಂಗಳಿಗೆ 25 ದಿನ ಮಧ್ಯಾಹ್ನ ಅನ್ನ, ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಯೋಜನೆ ರೂಪುಗೊಂಡದ್ದು ತಾಯಿ ಊರಿನ ಅಂಗನವಾಡಿಗೆ ಬಂದು ಅಲ್ಲಿಯೇ ಕುಳಿತು ಉಣ್ಣಲೆಂದು. ಆದರೆ ಭೀಮನಬೀಡಿನ ಅಂಗನವಾಡಿಯಲ್ಲಿ ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ವಿದ್ಯಾರ್ಥಿನಿ ಗುಂಡ್ಲುಪೇಟೆಯ ತರಗತಿಯಲ್ಲಿರುತ್ತಾಳೆ. ಊಟಕ್ಕೆ ಬಂದರೆ ಪಾಠ ಹೋಯಿತು, ಪಾಠಕ್ಕೆ ಹೋದರೆ ಊಟ ಹೋಯಿತು. ಕಾಲೇಜಿನ ಹತ್ತಿರದ ಅಂಗನವಾಡಿಯಲ್ಲಿ ಅವಳ ಹೆಸರು ಬರೆದುಕೊಂಡರೆ ಈ ತೊಡಕು ಒಂದೇ ದಿನದಲ್ಲಿ ಪರಿಹಾರವಾಗುತ್ತದೆ. ಸರ್ಕಾರಕ್ಕೆ ಒಂದು ಕಾಸೂ ಹೆಚ್ಚು ಖರ್ಚಿಲ್ಲ.

ಎರಡನೆಯದು ತಪಾಸಣೆ. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಲ್ಲಿ ಆರಂಭವಾಯಿತು. ಆ ದಿನ ಆಸ್ಪತ್ರೆಯ ಚೀಟಿ ತಂದವಳಿಗೆ ಹಾಜರಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಚೊಚ್ಚಲ ಹೆರಿಗೆಗೆ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಗೊತ್ತಾಗಿದೆ. ಓದುವವಳೆಂಬ ಕಾರಣಕ್ಕೆ ಅದು ತಪ್ಪಿಹೋಗದು. ಆದರೆ ಗರ್ಭ ನಿಂತ ಮೊದಲ ತಿಂಗಳುಗಳಲ್ಲಿಯೇ ಹೆಸರು ಬರೆಸಬೇಕು. ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ ತಾಯಿ ಕಾರ್ಡು ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ. ಹೆರಿಗೆಗೆ ತವರಿಗೆ ಹೋಗುವಾಗ ಆ ಕಾರ್ಡನ್ನು ಮರೆಯದೆ ಕೊಂಡೊಯ್ಯಬೇಕು.

ಮೂರನೆಯದು ಕೂಸಿನ ಹಸಿವು. ಆರು ತಿಂಗಳವರೆಗೆ ಮಗುವಿಗೆ ಎದೆಹಾಲೊಂದೇ ಆಹಾರವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸು ಎರಡು ಮೂರು ಗಂಟೆಗೊಮ್ಮೆ ಹಾಲು ಬೇಡುತ್ತದೆ. ಕಾಲೇಜು ಮುಗಿದು ತಾಯಿ ಮನೆ ಸೇರುವ ವೇಳೆಗೆ ಆರೇಳು ಗಂಟೆ ಕಳೆದಿರುತ್ತದೆ. ಅಲ್ಲಿ ಮಗು ಅಳುತ್ತದೆ, ಇಲ್ಲಿ ಎದೆ ಕಟ್ಟಿ ತಾಯಿಗೆ ಜ್ವರ ಬರುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ, ಒಂದು ಕುರ್ಚಿ, ಕೈತೊಳೆಯಲು ನೀರು—ಇಷ್ಟಿದ್ದರೆ ಹಾಲು ಕುಡಿಸಲೂಬಹುದು, ಹಿಂಡಿ ತೆಗೆದಿಡಲೂಬಹುದು. ಕೂಲಿಕಾರ ಹೆಂಗಸರ ಮಕ್ಕಳಿಗಾಗಿ 2023ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯತೊಡಗಿತು. ಹೊಲಕ್ಕೆ ಹೋಗುವ ತಾಯಿಯ ಮಗುವಿಗೆ ದೊರೆತ ನೆರಳು ಕಾಲೇಜಿಗೆ ಹೋಗುವ ತಾಯಿಯ ಮಗುವಿಗೂ ದೊರೆಯಬಾರದೇಕೆ?

ಬರೆಯಬೇಕಾದ ನಾಲ್ಕು ಸಾಲು

ವಿಶ್ವವಿದ್ಯಾನಿಲಯಗಳು ಮಾಡಬೇಕಾದುದು ದೊಡ್ಡ ಕ್ರಾಂತಿಯೇನಲ್ಲ. ಪ್ರವೇಶದ ಕೈಪಿಡಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿದರೆ ಸಾಕು. ಹೆರಿಗೆಗೆ ಇಷ್ಟು ದಿನ, ಗರ್ಭ ಇಳಿದರೆ ಇಷ್ಟು ದಿನ ರಜೆ ಎಂದು ಸಂಖ್ಯೆಯಲ್ಲಿ ಹೇಳುವುದು. ಆ ದಿನಗಳನ್ನು ಹಾಜರಿಯ ಲೆಕ್ಕದಿಂದಲೇ ಕಳೆದು, ಉಳಿದ ದಿನಗಳಿಗೆ ಶೇಕಡಾವಾರು ಕಟ್ಟುವುದು. ತಪ್ಪಿದ ಪರೀಕ್ಷೆಯನ್ನೂ ಪ್ರಯೋಗವನ್ನೂ ದಂಡವಿಲ್ಲದೆ ಮುಂದಿನ ಸಲ ಮುಗಿಸಲು ಬಿಡುವುದು. ವಿದ್ಯಾರ್ಥಿವೇತನವೂ ವಿದ್ಯಾರ್ಥಿನಿಲಯದ ಸ್ಥಳವೂ ಈ ಕಾರಣದಿಂದ ಕೈಬಿಡಬಾರದೆಂದು ಸ್ಪಷ್ಟಪಡಿಸುವುದು. ಅರ್ಜಿಯನ್ನು ಅಧ್ಯಾಪಕಿಯೊಬ್ಬರ ಕೈಯಲ್ಲಿ ಕೊಡುವಂತಿದ್ದರೆ ಹುಡುಗಿಯರ ಸಂಕೋಚವೂ ಅರ್ಧ ಕಡಿಮೆಯಾದೀತು.

ಮನೆಯವರ ಪಾಲಿನ ಕೆಲಸವೂ ಉಂಟು. ಮಗಳನ್ನೋ ಸೊಸೆಯನ್ನೋ ಕಾಲೇಜಿಗೆ ಸೇರಿಸುವ ದಿನ ಶುಲ್ಕವೆಷ್ಟು ಎಂದು ಕೇಳುವಂತೆಯೇ, ಹೆರಿಗೆ ರಜೆಯ ನಿಯಮವೇನು ಎಂದೂ ಕೇಳಬೇಕು. ಕೇಳಲು ನಾಚಿಕೆಯೇನಿದೆ? ಪ್ರತಿಯೊಂದು ಕಾಲೇಜಿನ ಕಛೇರಿಯಲ್ಲಿಯೂ ಆ ಪ್ರಶ್ನೆ ವರ್ಷಕ್ಕೆ ಹತ್ತು ಸಲ ಕೇಳಿಬಂದರೆ, ಹನ್ನೊಂದನೆಯ ಸಲ ಉತ್ತರ ಅಚ್ಚಾಗಿ ಸಿದ್ಧವಾಗಿರುತ್ತದೆ. ಇನ್ನು ಗಂಡಂದಿರು, ಹೆಂಡತಿ ತರಗತಿಯಲ್ಲಿರುವಾಗ ಕೂಸಿನ ತೊಟ್ಟಿಲು ತೂಗುವುದು ಗಂಡಸುತನಕ್ಕೆ ಕುಂದಲ್ಲವೆಂದು ತಿಳಿದವರು ಈಗ ಹಳ್ಳಿಗಳಲ್ಲಿಯೂ ಇದ್ದಾರೆ. ಅವರ ಸಂಖ್ಯೆ ಹೆಚ್ಚಲಿ.

ಹಿಂದಿನವರು ಬಾಣಂತಿಗೆ ಕೊಟ್ಟ ಮೂರು ತಿಂಗಳ ಮರ್ಯಾದೆಯನ್ನು ಕಾಲೇಜು ಕೊಡಲಾರದಿರಬಹುದು. ಅವಳು ಕೇಳುತ್ತಿರುವುದು ಅಷ್ಟೂ ಅಲ್ಲ. ಲೆಕ್ಕದಲ್ಲಿ ಕಡಿಮೆ ಬಿದ್ದಿರುವುದು ಹದಿನಾಲ್ಕು ದಿನ. ಹಾಜರಿ ಪುಸ್ತಕದಲ್ಲಿ ಆ ಹದಿನಾಲ್ಕು ಮನೆಗಳನ್ನು ತುಂಬಲು 'ಬಂದವಳು', 'ಬಾರದವಳು' ಎಂಬ ಎರಡು ಗುರುತುಗಳ ಪಕ್ಕದಲ್ಲಿ 'ತಾಯಿ' ಎಂಬ ಮೂರನೆಯ ಗುರುತೊಂದು ಬೇಕಾಗಿದೆ.